ಟ್ರಯಲ್ ಬೆಂಗಳೂರಿನಲ್ಲಿ, ರೋಗಿ ಬೀದರಿನಲ್ಲಿ: ಪ್ರಾದೇಶಿಕ ಸಂಶೋಧನಾ ಜಾಲ ಕಟ್ಟುವುದು ಹೇಗೆ?

ಬೀದರ್ ಅಥವಾ ರಾಯಚೂರಿನ ಆಸ್ಪತ್ರೆಯೊಂದರ ಒಪಿಡಿಯಲ್ಲಿ ಕೂರುವ ವೈದ್ಯರನ್ನು ಕೇಳಿ ನೋಡಿ. ಕ್ಯಾನ್ಸರ್‌ಗೋ ಮೂತ್ರಪಿಂಡದ ಕಾಯಿಲೆಗೋ ಹೊಸ ಔಷಧದ ಕ್ಲಿನಿಕಲ್ ಟ್ರಯಲ್ ಎಲ್ಲೋ ನಡೆಯುತ್ತಿದೆ ಎಂಬುದು ಅವರಿಗೆ ಗೊತ್ತಿರುತ್ತದೆ. ತಮ್ಮ ಒಬ್ಬಿಬ್ಬರು ರೋಗಿಗಳಿಗೆ ಅದು ಹೊಂದಬಹುದು ಎಂದೂ ಅನ್ನಿಸಿರುತ್ತದೆ. ಬೆಂಗಳೂರಿಗೆ ಫೋನ್ ಮಾಡಿದರೆ ಬರುವ ಉತ್ತರ: "ಮೂರು ವಾರಕ್ಕೊಮ್ಮೆ ಬರಬೇಕಾಗುತ್ತೆ, ಜತೆಗೆ ಮನೆಯವರೊಬ್ಬರು ಇರಬೇಕು." ಬೀದರಿನಿಂದ ಬೆಂಗಳೂರಿಗೆ ಸುಮಾರು 700 ಕಿ.ಮೀ. ಹೋಗಿ ಬರಲು ಎರಡು ರಾತ್ರಿಯ ಪ್ರಯಾಣ, ಇಬ್ಬರ ಟಿಕೆಟ್ಟು, ಇಬ್ಬರ ಕೂಲಿ ನಷ್ಟ. ಮಾತು ಅಲ್ಲಿಗೇ ನಿಲ್ಲುತ್ತದೆ.

ಇದು ರೋಗಿಗಷ್ಟೇ ಆಗುವ ನಷ್ಟವಲ್ಲ. ಮಹಾನಗರದ ನಾಲ್ಕು ಆಸ್ಪತ್ರೆಗಳ ರೋಗಿಗಳ ಮೇಲಷ್ಟೇ ಪರೀಕ್ಷೆಯಾದ ಔಷಧ, ರಕ್ತಹೀನತೆಯಿರುವ, ತಡವಾಗಿ ಆಸ್ಪತ್ರೆಗೆ ಬರುವ, ಬಿಸಿಲಲ್ಲಿ ದುಡಿಯುವ ಹಳ್ಳಿಯ ರೋಗಿಗೆ ಹೇಗೆ ಕೆಲಸ ಮಾಡುತ್ತದೆ ಎಂಬುದು ಯಾರಿಗೂ ಗೊತ್ತಾಗುವುದಿಲ್ಲ. ಇದಕ್ಕೆ ಪರಿಹಾರವಾಗಿ ಪ್ರಾದೇಶಿಕ ಸಂಶೋಧನಾ ಜಾಲಗಳ ಹೆಸರು ಕೇಳಿಬರುತ್ತದೆ. ಆದರೆ ಜಾಲವೆಂದರೆ ಹಲವು ಆಸ್ಪತ್ರೆಗಳು ಸೇರಿ ಎಂಒಯುಗೆ ಸಹಿ ಹಾಕಿ ಫೋಟೊ ತೆಗೆಸಿಕೊಳ್ಳುವುದಲ್ಲ. ಟ್ರಯಲ್‌ನ ಯಾವ ಕೆಲಸವನ್ನು ಯಾವ ಊರಿನಲ್ಲಿ ಯಾರು ಮಾಡುತ್ತಾರೆ, ಅವರ ಸಂಬಳ ಎಲ್ಲಿಂದ ಬರುತ್ತದೆ ಎಂದು ತೀರ್ಮಾನಿಸಿದ ದಿನ ಜಾಲ ಹುಟ್ಟುತ್ತದೆ. ಜಿಲ್ಲಾ ಆಸ್ಪತ್ರೆಯ ವೈದ್ಯರು, ಮೆಡಿಕಲ್ ಕಾಲೇಜಿನ ಅಧ್ಯಾಪಕರು, ಟ್ರಸ್ಟ್ ಆಸ್ಪತ್ರೆ ನಡೆಸುವವರು, ರೋಗಿಗಳ ಸಂಘಟನೆಯಲ್ಲಿರುವವರು ಈ ಕೆಲಸಕ್ಕೆ ಕೈಹಾಕುವ ಮುನ್ನ ತಿಳಿದಿರಬೇಕಾದ ಸಂಗತಿಗಳು ಇಲ್ಲಿವೆ.

ನಮ್ಮಲ್ಲೇ ಆಗಿದೆ

ಹಳ್ಳಿಗಳಲ್ಲಿ ಗುಣಮಟ್ಟದ ಟ್ರಯಲ್ ನಡೆಸಲು ಆಗುವುದಿಲ್ಲ ಎನ್ನುವವರಿಗೆ ಬೆಳಗಾವಿ ಜಿಲ್ಲೆ ಇಪ್ಪತ್ತು ವರ್ಷಗಳ ಹಿಂದೆಯೇ ಉತ್ತರ ಕೊಟ್ಟಿದೆ. ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನ ತಂಡ 2002ರಿಂದ 2005ರವರೆಗೆ ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ ಒಂದು ಟ್ರಯಲ್ ನಡೆಸಿತು. ಹೆರಿಗೆಯ ನಂತರದ ರಕ್ತಸ್ರಾವವನ್ನು ಮಿಸೊಪ್ರೊಸ್ಟಾಲ್ ಗುಳಿಗೆ ತಡೆಯಬಲ್ಲದೇ ಎಂಬುದು ಪ್ರಶ್ನೆ. ಮನೆಯಲ್ಲಿ, ಆರೋಗ್ಯ ಉಪಕೇಂದ್ರಗಳಲ್ಲಿ ಹೆರಿಗೆಯಾದ 1,620 ಮಹಿಳೆಯರು ಭಾಗವಹಿಸಿದರು. ಹೆರಿಗೆ ಮಾಡಿಸಿದವರು, ಗುಳಿಗೆ ಕೊಟ್ಟವರು, ರಕ್ತ ಅಳೆದು ಬರೆದಿಟ್ಟವರು ಎಎನ್‌ಎಂ ಸಿಸ್ಟರ್‌ಗಳು. ಅಳತೆಗೆಂದು ಬಾಣಂತಿಯ ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಳೆಯೊಂದನ್ನು ಬಳಸಲಾಯಿತು. ಅದರ ತುದಿಯಲ್ಲಿ ಗೆರೆ ಹಾಕಿದ ಚೀಲ. ಚೀಲದಲ್ಲಿ ನಿಂತ ರಕ್ತ ಎಷ್ಟು ಮಿಲಿಲೀಟರ್ ಎಂದು ಗೆರೆ ನೋಡಿ ಬರೆದರಾಯಿತು. ಲ್ಯಾಬು, ಕರೆಂಟು ಯಾವುದೂ ಬೇಡ. ಗುಳಿಗೆ ಪಡೆದವರಲ್ಲಿ ಹೆರಿಗೆಯ ನಂತರದ ರಕ್ತಸ್ರಾವ ಶೇ. 6.4, ಪಡೆಯದವರಲ್ಲಿ ಶೇ. 12. ಫಲಿತಾಂಶ 2006ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗೆ ಮಿಸೊಪ್ರೊಸ್ಟಾಲನ್ನು ತನ್ನ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಆ ತಂಡ ಹೀಗೆ ಕಟ್ಟಿದ ಜಾಲ ಮುಂದೆಯೂ ದುಡಿಯಿತು. ಗರ್ಭಿಣಿಯರಿಗೆ ಕಡಿಮೆ ಪ್ರಮಾಣದ ಆಸ್ಪಿರಿನ್ ಕೊಟ್ಟರೆ ಅವಧಿಗೆ ಮುನ್ನ ಆಗುವ ಹೆರಿಗೆ ತಗ್ಗುತ್ತದೆಯೇ ಎಂದು ಆರು ದೇಶಗಳಲ್ಲಿ ಸುಮಾರು 12,000 ಮಹಿಳೆಯರೊಂದಿಗೆ ನಡೆದ ಟ್ರಯಲ್‌ನಲ್ಲಿ ಭಾರತದಿಂದ ಇದ್ದ ಎರಡು ತಾಣಗಳು ಬೆಳಗಾವಿ ಮತ್ತು ನಾಗಪುರ. ಒಮ್ಮೆ ಕಟ್ಟಿದ ಜಾಲ ಒಂದೇ ಟ್ರಯಲ್‌ಗೆ ಮುಗಿಯುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಜಾಲ ಏಕೆ ಫಲ ಕೊಡುತ್ತದೆ?

ಮೂರು ಕಾರಣಗಳಿವೆ. ಇವು ಅರ್ಥವಾದರೆ ಮುಂದಿನ ಹೆಜ್ಜೆಗಳು ತಾವಾಗಿಯೇ ತಿಳಿಯುತ್ತವೆ.

ಮೊದಲನೆಯದು ಸಂಖ್ಯೆ. ಟ್ರಯಲ್‌ಗೆ ಸೇರಲು ವಯಸ್ಸು, ರೋಗದ ಹಂತ, ಹಿಂದೆ ಪಡೆದ ಚಿಕಿತ್ಸೆ ಎಲ್ಲವೂ ಹೊಂದಬೇಕು. ಒಂದೇ ಆಸ್ಪತ್ರೆಗೆ ಅಂಥವರು ವರ್ಷಕ್ಕೆ ಬೆರಳೆಣಿಕೆಯಷ್ಟು ಸಿಗಬಹುದು. ಐದಾರು ಆಸ್ಪತ್ರೆಗಳು ಒಂದೇ ಪ್ರೋಟೋಕಾಲ್, ಅಂದರೆ ಟ್ರಯಲ್ ನಡೆಸುವ ಲಿಖಿತ ಯೋಜನೆ, ಪಾಲಿಸಿದರೆ ಸಂಖ್ಯೆ ಕೂಡುತ್ತದೆ. 2012ರಲ್ಲಿ ಮುಂಬೈನ ಟಾಟಾ ಮೆಮೋರಿಯಲ್ ಸೆಂಟರ್ ಮುಂದಾಳತ್ವದಲ್ಲಿ ಶುರುವಾದ ನ್ಯಾಷನಲ್ ಕ್ಯಾನ್ಸರ್ ಗ್ರಿಡ್‌ನಲ್ಲಿ ಇಂದು ದೇಶದ ಮುನ್ನೂರಕ್ಕೂ ಹೆಚ್ಚು ಸಂಸ್ಥೆಗಳಿವೆ. ಬೆಂಗಳೂರಿನ ಕಿದ್ವಾಯಿ ಕೂಡ ಅದರಲ್ಲಿದೆ. ಹಲವು ಕೇಂದ್ರಗಳು ಒಟ್ಟಾಗಿ ನಡೆಸುವ ಸಂಶೋಧನೆಗೆ ಗ್ರಿಡ್ ಬೆಂಬಲ ಕೊಡುತ್ತದೆ.

ಎರಡನೆಯದು ದೂರ. ರೋಗಿ ಟ್ರಯಲ್ ಬಿಟ್ಟುಹೋಗುವುದು ಎಷ್ಟೋ ಸಲ ಔಷಧದ ಭಯದಿಂದಲ್ಲ, ಓಡಾಟದ ದಣಿವಿನಿಂದ. ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡ್‌ನಲ್ಲಿ ಟೌನ್ಸ್‌ವಿಲ್ ನಗರದ ಕ್ಯಾನ್ಸರ್ ತಜ್ಞರು ಸುಮಾರು 900 ಕಿ.ಮೀ. ದೂರದ ಮೌಂಟ್ ಐಸಾ ಎಂಬ ಗಣಿ ಊರಿನ ರೋಗಿಗಳಿಗೆ ವಿಡಿಯೊ ಮೂಲಕ ಮಾರ್ಗದರ್ಶನ ಮಾಡಿ, ಅಲ್ಲಿನ ನರ್ಸ್‌ಗಳಿಂದಲೇ ಕೀಮೋಥೆರಪಿ ಕೊಡಿಸತೊಡಗಿದರು. ಆ ಅನುಭವದಿಂದ 'ಟೆಲಿಟ್ರಯಲ್' ಪದ್ಧತಿ ಬೆಳೆಯಿತು. ಮುಖ್ಯ ಕೇಂದ್ರ ಒಂದು, ಅದರ ಹೊಣೆಯಲ್ಲಿ ನಡೆಯುವ ಉಪಕೇಂದ್ರಗಳು ಹಲವು. ರೋಗಿ ಹೋಗುವುದು ತನ್ನೂರಿನ ಉಪಕೇಂದ್ರಕ್ಕೆ.

ಮೂರನೆಯದು ನಂಬಿಕೆ ಮತ್ತು ಭಾಷೆ. ತನ್ನ ಮಾತಿನಲ್ಲೇ ಹೇಳಿದರೆ ರೋಗಿಗೆ ನಂಬಿಕೆ ಬರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಬೆಂಬಲಿಸಿದ ಪಾರ್ಶ್ವವಾಯು ಸಂಶೋಧನಾ ಜಾಲ 'ಸ್ಪ್ರಿಂಟ್ ಇಂಡಿಯಾ' ಎಂಬ ಟ್ರಯಲನ್ನು 31 ಕೇಂದ್ರಗಳಲ್ಲಿ 4,298 ರೋಗಿಗಳೊಂದಿಗೆ ನಡೆಸಿತು. ಒಮ್ಮೆ ಪಾರ್ಶ್ವವಾಯು ಆದವರಿಗೆ ಕಿರುಪುಸ್ತಕ, ವಿಡಿಯೊ, ಎಸ್‌ಎಂಎಸ್ ಮೂಲಕ ತಿಳಿವಳಿಕೆ ಕೊಟ್ಟರೆ ಅದು ಮರುಕಳಿಸುವುದು ತಗ್ಗುತ್ತದೆಯೇ ಎಂಬುದು ಪ್ರಶ್ನೆ. ಎಲ್ಲ ಸಾಮಗ್ರಿಯನ್ನೂ 12 ಭಾಷೆಗಳಲ್ಲಿ ಸಿದ್ಧಪಡಿಸಿದರು. 2023ರಲ್ಲಿ ಬಂದ ಉತ್ತರ: ತಿಳಿವಳಿಕೆ ಪಡೆದ, ಪಡೆಯದ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. 'ಇಲ್ಲ' ಎಂಬ ಉತ್ತರವನ್ನು ಇಷ್ಟು ಖಚಿತವಾಗಿ ಹೇಳುವುದಕ್ಕೂ ಇಷ್ಟು ದೊಡ್ಡ ಜಾಲ ಬೇಕು.

ಕಟ್ಟುವ ಹೆಜ್ಜೆಗಳು

1. ಮೊದಲು ರೋಗ ಆರಿಸಿ, ಎಣಿಸಿ

'ಎಲ್ಲ ರೋಗಗಳಿಗೂ ಒಂದು ಜಾಲ' ಎಂದು ಹೊರಟರೆ ಯಾವುದಕ್ಕೂ ಆಗುವುದಿಲ್ಲ. ನಿಮ್ಮ ಭಾಗದಲ್ಲಿ ಹೆಚ್ಚು ಕಾಣುವ, ಫಾಲೋಅಪ್ ಸಾಧ್ಯವಿರುವ ಒಂದು ರೋಗ ಆರಿಸಿ. ಬಾಯಿ ಕ್ಯಾನ್ಸರ್, ಕ್ಷಯ, ಗರ್ಭಿಣಿಯರ ರಕ್ತಹೀನತೆ, ಹಾವು ಕಡಿತ, ಹೀಗೆ. ಆಮೇಲೆ ನೆನಪಿನಿಂದ ಲೆಕ್ಕ ಹೇಳಬೇಡಿ, ಒಪಿಡಿ ರಿಜಿಸ್ಟರ್ ತೆಗೆದು ಕಳೆದ ಆರು ತಿಂಗಳ ರೋಗಿಗಳನ್ನು ಎಣಿಸಿ. ಟ್ರಯಲ್ ಶುರುವಾಗುತ್ತಿದ್ದಂತೆ ರೋಗಿಗಳು ಮಾಯವಾಗುತ್ತಾರೆ ಎಂಬ ಮಾತು ಸಂಶೋಧಕರಲ್ಲಿ 'ಲಸಾಗ್ನಾ ನಿಯಮ' ಎಂದೇ ಹೆಸರಾಗಿದೆ. ಮಾಯವಾಗುವುದೇನೂ ಇಲ್ಲ. ಮೊದಲು ಹೇಳಿದ ಸಂಖ್ಯೆಯೇ ಉಬ್ಬಿದ್ದಾಗಿರುತ್ತದೆ. ರಿಜಿಸ್ಟರಿನಲ್ಲಿ ಸಿಕ್ಕ ಸಂಖ್ಯೆಯಲ್ಲಿ ಅರ್ಹತೆಯ ನಿಯಮಗಳಿಗೆ ಹೊಂದದವರನ್ನು ಕಳೆಯಿರಿ, ಒಪ್ಪದವರು ಇದ್ದೇ ಇರುತ್ತಾರೆಂದು ಇನ್ನಷ್ಟು ಕಳೆಯಿರಿ. ಉಳಿದದ್ದು ನಿಮ್ಮ ನಿಜವಾದ ಬಲ.

2. ಜಾಲದ ನಕ್ಷೆಯನ್ನು ಬಸ್ಸಿನ ದಾರಿಯಲ್ಲಿ ಎಳೆಯಿರಿ

ಕಂದಾಯ ವಿಭಾಗದ ನಕ್ಷೆ ನೋಡಿ ಆಸ್ಪತ್ರೆಗಳನ್ನು ಜೋಡಿಸುವುದು ಸುಲಭ, ಆದರೆ ರೋಗಿಗಳು ಆ ನಕ್ಷೆಯಂತೆ ಓಡಾಡುವುದಿಲ್ಲ. ಬೀದರ್, ರಾಯಚೂರಿನವರು ದೊಡ್ಡ ಕಾಯಿಲೆಗೆ ಹೈದರಾಬಾದಿಗೆ ಹೋಗುತ್ತಾರೆ. ಕಲಬುರಗಿ, ವಿಜಯಪುರದ ಗಡಿಯವರು ಸೊಲ್ಲಾಪುರಕ್ಕೆ, ಬೆಳಗಾವಿ, ಚಿಕ್ಕೋಡಿ ಕಡೆಯವರು ಮಿರಜಿಗೆ. ಉತ್ತರ ಕನ್ನಡದವರು ಮಣಿಪಾಲ, ಮಂಗಳೂರು ಅಥವಾ ಹುಬ್ಬಳ್ಳಿ ಹಿಡಿಯುತ್ತಾರೆ. ನಿಮ್ಮ ಮುಖ್ಯ ಕೇಂದ್ರ ರೋಗಿ ಈಗಾಗಲೇ ನಂಬಿ ಹೋಗುವ ಕಡೆ ಇರಲಿ. ಉಪಕೇಂದ್ರ ಅವನು ಬೆಳಗ್ಗೆ ಹೊರಟು ಸಂಜೆಗೆ ಮನೆ ಸೇರುವಷ್ಟು ಹತ್ತಿರ ಇರಲಿ. ಶುರುವಿಗೆ ಒಂದು ಮುಖ್ಯ ಕೇಂದ್ರ, ಮೂರು ಉಪಕೇಂದ್ರ ಸಾಕು.

ಈಗಾಗಲೇ ಇರುವ ಜೋಡಣೆಗಳನ್ನೂ ಗಮನಿಸಿ. ಹೃದಯಾಘಾತಕ್ಕೆ ತಾಲ್ಲೂಕು ಆಸ್ಪತ್ರೆಗಳನ್ನು ಜಯದೇವದಂಥ ದೊಡ್ಡ ಆಸ್ಪತ್ರೆಗಳೊಂದಿಗೆ ಬೆಸೆದ 'ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ' ಯೋಜನೆಯಲ್ಲಿ ಇಸಿಜಿ ಕಳಿಸುವ, ಸಲಹೆ ಪಡೆಯುವ ರೂಢಿ ಬಂದಿದೆ. ಚಿಕಿತ್ಸೆಗೆ ಹಾಕಿದ ದಾರಿ ಇರುವ ಕಡೆ ಸಂಶೋಧನೆಯ ದಾರಿಯನ್ನು ಹೊಸದಾಗಿ ಕಡಿಯಬೇಕಿಲ್ಲ.

3. ಭೇಟಿಗಳ ಪಟ್ಟಿಯನ್ನು ಒಡೆಯಿರಿ

ಇಡೀ ಕೆಲಸದ ತಿರುಳು ಇಲ್ಲಿದೆ. ಪ್ರತಿ ಪ್ರೋಟೋಕಾಲ್‌ನಲ್ಲೂ ರೋಗಿ ಯಾವ ದಿನ ಬರಬೇಕು, ಆ ದಿನ ಏನೇನು ಆಗಬೇಕು ಎಂಬ ಪಟ್ಟಿ ಇರುತ್ತದೆ. ಅದನ್ನು ಮೇಜಿನ ಮೇಲಿಟ್ಟು ಒಂದೊಂದು ಭೇಟಿಗೂ ಕೇಳಿ: ಇದು ಮುಖ್ಯ ಕೇಂದ್ರದಲ್ಲೇ ಆಗಬೇಕೇ? ಉಪಕೇಂದ್ರದಲ್ಲಿ ಆಗಬಹುದೇ? ಫೋನಿನಲ್ಲೇ ಮುಗಿಯುತ್ತದೆಯೇ?

ಉದಾಹರಣೆಗೆ, ಗುಳಿಗೆ ರೂಪದ ಔಷಧವೊಂದರ ಟ್ರಯಲ್‌ನಲ್ಲಿ ಆರು ತಿಂಗಳಿಗೆ ಹತ್ತು ಭೇಟಿ ಇವೆ ಎಂದುಕೊಳ್ಳಿ. ಸಿಂಧನೂರಿನ ರೋಗಿ, ಮುಖ್ಯ ಕೇಂದ್ರ ಬೆಂಗಳೂರು, ಉಪಕೇಂದ್ರ ರಾಯಚೂರು. ಮೊದಲ ಭೇಟಿಯಲ್ಲಿ ತಜ್ಞರ ಪರೀಕ್ಷೆ, ಸ್ಕ್ಯಾನ್, ಯಾವ ಗುಂಪು ಎಂಬ ಹಂಚಿಕೆ ಇವೆ. ಇದು ಬೆಂಗಳೂರಿನಲ್ಲೇ ಆಗಲಿ. ಎರಡು, ಮೂರು, ಐದು, ಆರು ಮತ್ತು ಎಂಟನೇ ಭೇಟಿಗಳಲ್ಲಿ ಇರುವುದು ತೂಕ, ಬಿಪಿ, ರಕ್ತ ಪರೀಕ್ಷೆ, ಉಳಿದ ಗುಳಿಗೆಗಳ ಎಣಿಕೆ, ಅಡ್ಡ ಪರಿಣಾಮಗಳ ವಿಚಾರಣೆ. ಇಷ್ಟೂ ರಾಯಚೂರಿನಲ್ಲಿ ಆಗುತ್ತವೆ. ನಾಲ್ಕು ಮತ್ತು ಒಂಬತ್ತನೆಯವು ಬರೀ ವಿಚಾರಣೆ, ಫೋನಿನಲ್ಲಿ ಮುಗಿಯುತ್ತವೆ. ಏಳಕ್ಕೂ ಹತ್ತಕ್ಕೂ ಮತ್ತೆ ಸ್ಕ್ಯಾನ್, ಬೆಂಗಳೂರು. ಹತ್ತು ಸಲದ ಬೆಂಗಳೂರು ಪ್ರಯಾಣ ಮೂರಕ್ಕೆ ಇಳಿಯಿತು. ಔಷಧ ಅದೇ, ವಿಜ್ಞಾನ ಅದೇ. ಬದಲಾದದ್ದು ಕೆಲಸ ನಡೆಯುವ ಜಾಗ.

ಈ ಹಂಚಿಕೆಯನ್ನು ಪ್ರೋಟೋಕಾಲ್ ಬರೆಯುವಾಗಲೇ ಮಾಡಿ. ಅನುಮತಿ ಸಿಕ್ಕ ಮೇಲೆ ಬದಲಿಸಹೊರಟರೆ ತಿದ್ದುಪಡಿ, ಮತ್ತೆ ಟ್ರಯಲ್ನ ನೈತಿಕತೆ ಪರಿಶೀಲಿಸುವ ಎಥಿಕ್ಸ್ ಕಮಿಟಿ, ಮತ್ತೆ ಕೆಲವು ತಿಂಗಳು.

4. ಯಂತ್ರಕ್ಕಿಂತ ಮೊದಲು ಕೋಆರ್ಡಿನೇಟರ್

ಜಿಲ್ಲಾ ಆಸ್ಪತ್ರೆಯ ವೈದ್ಯರಿಗೆ ದಿನಕ್ಕೆ ನೂರಾರು ರೋಗಿಗಳು. ಒಪ್ಪಿಗೆ ಪತ್ರ ವಿವರಿಸಲು ಮುಕ್ಕಾಲು ಗಂಟೆ ಅವರಿಂದ ಸಿಗುವುದಿಲ್ಲ. ಪ್ರತಿ ಉಪಕೇಂದ್ರಕ್ಕೂ ಪೂರ್ಣಾವಧಿಯ ಒಬ್ಬ ಸ್ಟಡಿ ಕೋಆರ್ಡಿನೇಟರ್ ಬೇಕು. ಆ ಭಾಗದ ಭಾಷೆ ಬಲ್ಲ, ಅನುಭವವಿರುವ ನರ್ಸ್ ಆದರೆ ಉತ್ತಮ. ರೋಗಿಗೆ ಫೋನ್ ಮಾಡುವುದು, ಬಸ್ಸಿನ ದುಡ್ಡು ಕೊಡುವುದು, ರಕ್ತದ ಮಾದರಿ ಕಳಿಸುವುದು, ಫಾರಂ ತುಂಬುವುದು ಇವರ ಕೆಲಸ. ಇವರಿಗೂ ವೈದ್ಯರಿಗೂ ಜಿಸಿಪಿ, ಅಂದರೆ ಉತ್ತಮ ಕ್ಲಿನಿಕಲ್ ಪದ್ಧತಿಯ, ತರಬೇತಿ ಕಡ್ಡಾಯವಾಗಿ ಆಗಿರಲಿ. ಸಂಬಳ ಒಂದೇ ಟ್ರಯಲ್‌ಗೆ ಅಂಟಿಕೊಂಡಿದ್ದರೆ ಅದು ಮುಗಿದ ದಿನ ಪಳಗಿದ ಕೈ ಹೊರಟುಹೋಗುತ್ತದೆ. ಎರಡು ಮೂರು ಅಧ್ಯಯನಗಳಿಂದ ಪಾಲು ಹಾಕಿ ಆ ಹುದ್ದೆ ಉಳಿಸಿಕೊಳ್ಳುವ ಲೆಕ್ಕ ಮೊದಲೇ ಇರಲಿ. ಸರ್ಕಾರಿ ಮೆಡಿಕಲ್ ಕಾಲೇಜುಗಳ ಬಹುಶಿಸ್ತೀಯ ಸಂಶೋಧನಾ ಘಟಕ, ಅಂದರೆ ಎಂಆರ್‌ಯು, ನಿಮ್ಮಲ್ಲಿದ್ದರೆ ಮೊದಲು ಅಲ್ಲಿ ವಿಚಾರಿಸಿ.

5. ಕಾನೂನಿನ ಬಾಗಿಲುಗಳನ್ನು ಗುರುತಿಸಿಕೊಳ್ಳಿ

ದೇಶದಲ್ಲಿ ಔಷಧ ಟ್ರಯಲ್‌ಗಳು ನಡೆಯುವುದು 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಅಡಿ. ಜಾಲ ಕಟ್ಟುವವರು ಮುಖ್ಯವಾಗಿ ನೆನಪಿಡಬೇಕಾದವು:

- ಪ್ರತಿ ತಾಣಕ್ಕೂ ಎಥಿಕ್ಸ್ ಕಮಿಟಿಯ ಅನುಮತಿ ಬೇಕು. ಸ್ವಂತ ಕಮಿಟಿ ಇಲ್ಲದ ಆಸ್ಪತ್ರೆ ಬೇರೆಡೆಯ ನೋಂದಾಯಿತ ಕಮಿಟಿಯಿಂದ ಅನುಮತಿ ಪಡೆಯಬಹುದು. ಆದರೆ ಆ ಕಮಿಟಿ ಅದೇ ನಗರದಲ್ಲಿ ಅಥವಾ 50 ಕಿ.ಮೀ. ಒಳಗೆ ಇರಬೇಕು. ಬೆಂಗಳೂರಿನ ಕಮಿಟಿ ರಾಯಚೂರಿನ ತಾಣಕ್ಕೆ ಒಪ್ಪಿಗೆ ಕೊಡಲಾಗದು. ಹತ್ತಿರದ ಮೆಡಿಕಲ್ ಕಾಲೇಜನ್ನು ಜಾಲದೊಳಗೆ ತರಲು ಇದೇ ದೊಡ್ಡ ಕಾರಣ.
- ಕಮಿಟಿಯಲ್ಲಿ ಕನಿಷ್ಠ ಏಳು ಸದಸ್ಯರು, ಅರ್ಧದಷ್ಟು ಜನ ಸಂಸ್ಥೆಗೆ ಸೇರದವರು. ಒಬ್ಬ ಸಾಮಾನ್ಯ ನಾಗರಿಕ, ಒಬ್ಬ ಮಹಿಳೆ, ಒಬ್ಬ ಕಾನೂನು ತಜ್ಞರು ಇರಲೇಬೇಕು.
- ಔಷಧ ಕೊಡುವ, ಒಪ್ಪಿಗೆ ಪಡೆಯುವ, ಮಾದರಿ ತೆಗೆಯುವ ಜಾಗಗಳೆಲ್ಲ ಕಮಿಟಿಗೆ ಸಲ್ಲಿಸಿದ ಕಾಗದದಲ್ಲಿ ಹೆಸರಿನ ಸಮೇತ ಇರಲಿ. ಅನುಮಾನವಿದ್ದರೆ ಲಿಖಿತವಾಗಿ ಕೇಳಿ, ಉತ್ತರವನ್ನು ಫೈಲಿನಲ್ಲಿಡಿ.
- ಮೊದಲ ರೋಗಿಯನ್ನು ಸೇರಿಸುವ ಮುನ್ನವೇ ಸಿಟಿಆರ್‌ಐ, ಅಂದರೆ ಐಸಿಎಂಆರ್ ನಡೆಸುವ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ದಾಖಲಾಗಬೇಕು. 2009ರಿಂದ ಇದು ಕಡ್ಡಾಯ.
- ಈಗಾಗಲೇ ಮಾರುಕಟ್ಟೆಯಲ್ಲಿರುವ ಔಷಧದ ಹೊಸ ಬಳಕೆಯನ್ನು ಕಂಪನಿಯ ಮಾರಾಟದ ಉದ್ದೇಶವಿಲ್ಲದೆ ಪರೀಕ್ಷಿಸುವ ಅಕಾಡೆಮಿಕ್ ಟ್ರಯಲ್‌ಗೆ ದಾರಿ ಹಗುರ. ಕೇಂದ್ರದ ಔಷಧ ನಿಯಂತ್ರಕರ ಅನುಮತಿ ಬೇಕಿಲ್ಲ, ಎಥಿಕ್ಸ್ ಕಮಿಟಿಯದು ಬೇಕೇ ಬೇಕು. ಹೊಸ ಜಾಲಕ್ಕೆ ಮೊದಲ ಹೆಜ್ಜೆಯಾಗಿ ಇದು, ಇಲ್ಲವೇ ರೋಗಿಗಳ ದಾಖಲೆಯಷ್ಟೇ ಸಂಗ್ರಹಿಸುವ ರಿಜಿಸ್ಟ್ರಿ ಅಧ್ಯಯನ ಸೂಕ್ತ.

6. ಒಪ್ಪಂದ ಚಿಕ್ಕದಿರಲಿ, ದುಡ್ಡಿನ ಮಾತು ಬಿಚ್ಚಿ ಬರೆಯಿರಿ

ಉಪಕೇಂದ್ರದ ಪ್ರತಿ ಭೇಟಿಗೆ ಎಷ್ಟು, ಲ್ಯಾಬಿಗೆ ಎಷ್ಟು, ಹಣ ಎಷ್ಟು ದಿನದಲ್ಲಿ ಬರುತ್ತದೆ, ಸರ್ಕಾರಿ ಆಸ್ಪತ್ರೆಯಾದರೆ ಯಾವ ಖಾತೆಗೆ ಬರುತ್ತದೆ ಎಂಬುದು ಸ್ಪಷ್ಟವಿರಲಿ. ರೋಗಿಗೆ ರಾತ್ರಿ ತೊಂದರೆಯಾದರೆ ಮೊದಲು ನೋಡುವವರು ಯಾರು, ಫೋನ್ ಎತ್ತುವವರು ಯಾರು ಎಂಬುದೂ ಇರಲಿ. ಪ್ರಕಟವಾಗುವ ಸಂಶೋಧನಾ ಪ್ರಬಂಧದಲ್ಲಿ ಉಪಕೇಂದ್ರದ ವೈದ್ಯರ ಹೆಸರು ಬರುವ ಬಗೆಯನ್ನೂ ಮೊದಲೇ ಬರೆಯಿರಿ. ರೋಗಿಯನ್ನು ಕಳಿಸಿದ ವೈದ್ಯರಿಗೆ ಹೆಸರೂ ಇಲ್ಲ, ರೋಗಿ ವಾಪಸ್ ಬರುವುದೂ ಇಲ್ಲ ಎಂದಾದರೆ ಎರಡನೇ ರೋಗಿಯನ್ನು ಅವರು ಕಳಿಸುವುದಿಲ್ಲ.

7. ಒಪ್ಪಿಗೆಯನ್ನು ರೋಗಿಯ ಮಾತಿನಲ್ಲಿ ಕೇಳಿ

ಕಂಪನಿಗಳು ಕಳಿಸುವ ಕನ್ನಡ ಒಪ್ಪಿಗೆ ಪತ್ರ ಎಷ್ಟೋ ಸಲ ಓದಿದವರಿಗೂ ಅರ್ಥವಾಗದಂತಿರುತ್ತದೆ. ಉಪಕೇಂದ್ರದ ಇಬ್ಬರು ನರ್ಸ್‌ಗಳು, ಒಬ್ಬ ಆಶಾ ಕಾರ್ಯಕರ್ತೆ, ಒಬ್ಬ ಹಳೆಯ ರೋಗಿಯ ಮುಂದೆ ಅದನ್ನು ಜೋರಾಗಿ ಓದಿಸಿ. ತಡವರಿಸಿದ ಕಡೆಯೆಲ್ಲ ತಿದ್ದಿ, ತಿದ್ದಿದ ಪ್ರತಿಗೆ ಕಮಿಟಿಯ ಒಪ್ಪಿಗೆ ಪಡೆಯಿರಿ. ಬಾಯಿಮಾತಿನ ವಿವರಣೆ ಆ ಸೀಮೆಯ ಮಾತಿನಲ್ಲೇ ಇರಲಿ: "ಯಾವ ಗುಳಿಗಿ ಬರ್ತದ ಅಂತ ನಾವೂ ಆರಿಸೂದಿಲ್ಲ, ನೀವೂ ಆರಿಸೂದಿಲ್ಲ. ಕಂಪ್ಯೂಟರು ಚೀಟಿ ಎತ್ತಿಧಾಂಗ ಹಂಚ್ತದ. ಬ್ಯಾಡ ಅನಿಸಿದ್ರ ಯಾವಾಗ ಬೇಕಾದ್ರೂ ಬಿಡಬಹುದು, ನಿಮ್ಮ ಔಷಧೋಪಚಾರ ಏನೂ ನಿಲ್ಲೂದಿಲ್ಲ." ಆಮೇಲೆ ರೋಗಿಯನ್ನೇ ಕೇಳಿ: "ಈಗ ನಾ ಏನ್ ಹೇಳಿದೆ, ನೀವು ಒಂದ್ ಸಲ ಹೇಳ್ರಿ ನೋಡೋಣ." ಅವರು ಹೇಳಿದ್ದರಲ್ಲಿ ಹಂಚಿಕೆ, ಅಪಾಯ, ಬಿಡುವ ಹಕ್ಕು ಮೂರೂ ಬಂದರೆ ಸಹಿಗೆ ಹೋಗಿ.

ಓದು ಬಾರದವರಿಗೆ ಟ್ರಯಲ್‌ಗೆ ಸಂಬಂಧಿಸದ ಸಾಕ್ಷಿಯೊಬ್ಬರು ಇಡೀ ವಿವರಣೆಯ ಹೊತ್ತಿನಲ್ಲಿ ಜತೆಗಿರಬೇಕು. ಹೊಸ ರಾಸಾಯನಿಕ ಔಷಧದ ಟ್ರಯಲ್‌ಗೆ ದುರ್ಬಲ ವರ್ಗದವರನ್ನು ಸೇರಿಸುವಾಗ ಒಪ್ಪಿಗೆಯ ಪ್ರಕ್ರಿಯೆಯನ್ನು ವಿಡಿಯೊ ಮಾಡಬೇಕೆಂದು ನಿಯಮವಿದೆ. ಎಚ್‌ಐವಿ, ಕುಷ್ಠರೋಗದ ಔಷಧಗಳಿಗಾದರೆ ಧ್ವನಿಮುದ್ರಣ ಸಾಕು.

8. ಮಾದರಿ, ಮಾಹಿತಿಗೆ ತಾಲೀಮು ನಡೆಸಿ

ನಿಜವಾದ ರೋಗಿ ಬರುವ ಮುನ್ನ ಒಂದು ದಿನ ಸುಳ್ಳು ರೋಗಿಯನ್ನಿಟ್ಟುಕೊಂಡು ಎಲ್ಲವನ್ನೂ ಮಾಡಿ ನೋಡಿ. ಉಪಕೇಂದ್ರದಲ್ಲಿ ರಕ್ತ ತೆಗೆದು, ಸೆಂಟ್ರಿಫ್ಯೂಜ್ ಮಾಡಿ, ಐಸ್ ಪ್ಯಾಕಿನ ಡಬ್ಬಿಯಲ್ಲಿ ಉಷ್ಣತೆ ದಾಖಲಿಸುವ ಸಾಧನವಿಟ್ಟು ಮುಖ್ಯ ಕೇಂದ್ರಕ್ಕೆ ಕಳಿಸಿ. ಕರೆಂಟ್ ಹೋದರೆ ಫ್ರಿಜ್ಜಿಗೆ ಜನರೇಟರ್ ಇದೆಯೇ? ಏಪ್ರಿಲ್ ಬಿಸಿಲಲ್ಲಿ ಡಬ್ಬಿ ಎಷ್ಟು ಹೊತ್ತು ತಣ್ಣಗಿರುತ್ತದೆ? ಶನಿವಾರ ತೆಗೆದ ರಕ್ತವನ್ನು ಕೊರಿಯರ್‌ನವರು ಸೋಮವಾರದವರೆಗೆ ಇಟ್ಟುಕೊಳ್ಳುತ್ತಾರೆಯೇ? ಈ ಪ್ರಶ್ನೆಗಳಿಗೆ ಉತ್ತರ ಪ್ರೋಟೋಕಾಲ್‌ನಲ್ಲಿ ಸಿಗುವುದಿಲ್ಲ, ತಾಲೀಮಿನಲ್ಲಿ ಸಿಗುತ್ತದೆ.

ಫಾರಂ ಎಷ್ಟು ಚಿಕ್ಕದೋ ಅಷ್ಟು ಒಳ್ಳೆಯದು. ಕೋವಿಡ್ ಕಾಲದಲ್ಲಿ ಬ್ರಿಟನ್ನಿನ 'ರಿಕವರಿ' ಟ್ರಯಲ್ 2020ರ ಮಾರ್ಚ್‌ನಲ್ಲಿ ಶುರುವಾಗಿ ನೂರೈವತ್ತಕ್ಕೂ ಹೆಚ್ಚು ಆಸ್ಪತ್ರೆಗಳಿಗೆ ಹಬ್ಬಿತು. ಜೂನ್ 16ರ ಹೊತ್ತಿಗೆ, ವೆಂಟಿಲೇಟರ್‌ನಲ್ಲಿದ್ದವರ ಸಾವನ್ನು ಡೆಕ್ಸಮೆಥಾಸೋನ್ ಸುಮಾರು ಮೂರನೇ ಒಂದರಷ್ಟು ತಗ್ಗಿಸುತ್ತದೆ ಎಂಬ ಉತ್ತರ ಕೈಯಲ್ಲಿತ್ತು. ಬಿಡುವಿಲ್ಲದ ವಾರ್ಡಿನಲ್ಲಿ ಅದು ಸಾಧ್ಯವಾದದ್ದು, ಬೇಕಾದಷ್ಟನ್ನೇ ಕೇಳುವ ಸಣ್ಣ ಫಾರಂ ಇಟ್ಟುಕೊಂಡಿದ್ದರಿಂದ.

9. ತಿಂಗಳಿಗೊಮ್ಮೆ ನಾಲ್ಕು ಅಂಕಿ ನೋಡಿ

ಪ್ರತಿ ಕೇಂದ್ರದಲ್ಲಿ ಎಷ್ಟು ರೋಗಿಗಳನ್ನು ಪರಿಶೀಲಿಸಿದಿರಿ, ಎಷ್ಟು ಜನ ಅರ್ಹರಾದರು, ಎಷ್ಟು ಜನ ಒಪ್ಪಿದರು, ಎಷ್ಟು ಜನ ಫಾಲೋಅಪ್‌ಗೆ ಬಂದರು. ಅರ್ಹರಿದ್ದೂ ಒಪ್ಪುತ್ತಿಲ್ಲವೆಂದರೆ ವಿವರಣೆಯಲ್ಲಿ ತೊಂದರೆ. ಒಪ್ಪಿದವರು ಬರುತ್ತಿಲ್ಲವೆಂದರೆ ದಾರಿಯಲ್ಲಿ ತೊಂದರೆ. ಮಹಿಳೆಯರು, ಕೂಲಿಕಾರರು, ತಾಂಡಾಗಳವರು ಎಷ್ಟಿದ್ದಾರೆ ಎಂದೂ ನೋಡಿ. ಪೇಟೆಯವರೇ ತುಂಬಿಕೊಂಡಿದ್ದರೆ ಜಾಲ ಕಟ್ಟಿದ ಉದ್ದೇಶ ಈಡೇರಿಲ್ಲ.

ಎಚ್ಚರಿಕೆಗಳು

ಟ್ರಯಲ್ ಅಂದರೆ ಪುಕ್ಕಟೆ ಚಿಕಿತ್ಸೆ ಎಂದು ಹೇಳಬೇಡಿ. ಹೊಸ ಔಷಧ ಹಳೆಯದಕ್ಕಿಂತ ಒಳ್ಳೆಯದೋ ಅಲ್ಲವೋ ಗೊತ್ತಿಲ್ಲದ್ದರಿಂದಲೇ ಟ್ರಯಲ್ ನಡೆಯುತ್ತದೆ. ರೋಗಿಗೆ ಲಾಭವಾಗದೆಯೂ ಇರಬಹುದು. ಇದನ್ನು ಮೊದಲ ಮಾತಿನಲ್ಲೇ ಹೇಳಿ.

ಓಡಾಟದ ಖರ್ಚು ಕೊಡಿ, ಆಮಿಷ ಒಡ್ಡಬೇಡಿ. ಬಸ್ಸಿನ ದರ, ಊಟ, ತಪ್ಪಿದ ಕೂಲಿ ಕೊಡಲು ಐಸಿಎಂಆರ್ ಮಾರ್ಗಸೂಚಿಯಲ್ಲಿ ಅವಕಾಶವಿದೆ. ಮೊತ್ತವನ್ನು ಎಥಿಕ್ಸ್ ಕಮಿಟಿ ಒಪ್ಪಬೇಕು. ಅಪಾಯದ ಯೋಚನೆಯನ್ನೇ ಮರೆಸುವಷ್ಟು ಹಣ ಕೊಡುವುದು ತಪ್ಪು. ರೋಗಿ ಬಂದ ದಿನವೇ ಆ ಹಣ ಕೈಗೆ ಸಿಗಲಿ, ಬಿಲ್ಲು ಪಾಸಾಗಲೆಂದು ಎರಡು ತಿಂಗಳು ಕಾಯಿಸಬೇಡಿ.

ತೀವ್ರ ತೊಂದರೆಗೆ 24 ಗಂಟೆ. ಸಾವು, ಆಸ್ಪತ್ರೆಗೆ ದಾಖಲಾಗುವಂಥ ತೀವ್ರ ತೊಂದರೆ ಆದರೆ ಸಂಶೋಧಕರು 24 ಗಂಟೆಯೊಳಗೆ ಔಷಧ ನಿಯಂತ್ರಕರಿಗೆ, ಪ್ರಾಯೋಜಕರಿಗೆ, ಎಥಿಕ್ಸ್ ಕಮಿಟಿಗೆ ವರದಿ ಮಾಡಬೇಕು. ಜಾಲದಲ್ಲಿ ಅಪಾಯ ಇರುವುದು ಇಲ್ಲೇ. ರೋಗಿ ದಾಖಲಾಗುವುದು ತನ್ನೂರಿನ ಯಾವುದೋ ನರ್ಸಿಂಗ್ ಹೋಮಿಗೆ, ಸುದ್ದಿ ಮುಖ್ಯ ಕೇಂದ್ರಕ್ಕೆ ತಲುಪುವುದು ವಾರದ ಮೇಲೆ. ಟ್ರಯಲ್ ಹೆಸರು, ತುರ್ತು ಫೋನ್ ನಂಬರ್ ಇರುವ ಚೀಟಿ ರೋಗಿಯ ಕಿಸೆಯಲ್ಲೂ ಮನೆಯವರ ಮೊಬೈಲಿನಲ್ಲೂ ಇರಲಿ. ಟ್ರಯಲ್‌ನಿಂದ ಹಾನಿಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ರೋಗಿಯ ಹಕ್ಕು.

ವಾಟ್ಸ್‌ಆ್ಯಪ್ ಗುಂಪಿಗೆ ರಿಪೋರ್ಟ್ ಹಾಕಬೇಡಿ. ಊರೂರಿಗೆ ಕೇಂದ್ರಗಳಿದ್ದಾಗ ಇದು ಸುಲಭದ ದಾರಿ ಎನ್ನಿಸುತ್ತದೆ. ಚಿಕ್ಕ ಊರಿನಲ್ಲಿ ಹೆಸರು, ಊರು, ರೋಗ ಮೂರು ಸೇರಿದರೆ ಗುಟ್ಟು ಉಳಿಯುವುದಿಲ್ಲ. ರೋಗಿಗೆ ಕೋಡ್ ಸಂಖ್ಯೆ ಕೊಡಿ, ಹೆಸರಿನ ಪಟ್ಟಿ ಬೀಗದ ಕಪಾಟಿನಲ್ಲಿರಲಿ.

ಟ್ರಯಲ್‌ನ ಖರ್ಚು ರೋಗಿಯ ಮೇಲೆ ಬೀಳದಿರಲಿ. ಸಂಶೋಧನೆಗಾಗಿಯೇ ಮಾಡಿಸುವ ಪರೀಕ್ಷೆಯನ್ನು ರೋಗಿಯಿಂದಾಗಲಿ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಿಂದಾಗಲಿ ವಸೂಲು ಮಾಡುವಂತಿರಬಾರದು.

ಸಾಮಾನ್ಯವಾಗಿ ಆಗುವ ತಪ್ಪುಗಳು

- ಕಟ್ಟಡ, ಯಂತ್ರದಿಂದ ಶುರು ಮಾಡುವುದು. ಡೀಪ್ ಫ್ರೀಜರ್ ಬರುತ್ತದೆ, ನಡೆಸುವವರು ಬರುವುದಿಲ್ಲ.
- ಮೊದಲ ಟ್ರಯಲ್ ತೀರಾ ಕಠಿಣವಾದದ್ದನ್ನು ಆರಿಸುವುದು. ಗಂಟೆಗೊಮ್ಮೆ ರಕ್ತ ತೆಗೆಯಬೇಕಾದ ಆರಂಭಿಕ ಹಂತದ ಟ್ರಯಲ್ ಜಿಲ್ಲೆಗೆ ತಕ್ಕುದಲ್ಲ. ಅಂಥವು ದೊಡ್ಡ ಆಸ್ಪತ್ರೆಯಲ್ಲೇ ಇರಲಿ.
- ಉಪಕೇಂದ್ರವನ್ನು ರೋಗಿ ಪೂರೈಸುವ ಜಾಗವೆಂದು ಕಾಣುವುದು. ಪ್ರಶ್ನೆ ರೂಪಿಸುವಾಗಲೇ ಅಲ್ಲಿನ ವೈದ್ಯರನ್ನು ಕೂರಿಸಿಕೊಳ್ಳಿ. ಆ ಊರಿನ ಪ್ರಶ್ನೆ ಅವರಿಗೇ ಗೊತ್ತು.
- ತಲೆಗಿಷ್ಟು ಎಂದು ಕಮಿಷನ್ ಕೊಡುವುದು. ರೋಗಿ ಸೇರಿಸಿದ್ದಕ್ಕೆ ವೈದ್ಯರಿಗೋ ಆಶಾ ಕಾರ್ಯಕರ್ತೆಗೋ ದುಡ್ಡು ಕೊಟ್ಟರೆ ಒಪ್ಪಿಗೆ ಒತ್ತಾಯವಾಗುತ್ತದೆ. ಅವರ ಸಮಯಕ್ಕೆ ನಿಗದಿತ ಗೌರವಧನ ಕೊಡಿ, ರೋಗಿ ಸೇರಲಿ ಬಿಡಲಿ.
- ಒಬ್ಬರ ಮೇಲೆ ಇಡೀ ಜಾಲ ನಿಲ್ಲಿಸುವುದು. ಆ ವೈದ್ಯರು ವರ್ಗವಾದರೆ ಎಲ್ಲ ನಿಂತುಹೋಗುತ್ತದೆ. ಪ್ರತಿ ಕೇಂದ್ರದಲ್ಲಿ ಇಬ್ಬರು ಸಂಶೋಧಕರಿರಲಿ.
- ಡಿಎಚ್‌ಒ, ಟಿಎಚ್‌ಒ, ಅಂದರೆ ಜಿಲ್ಲಾ, ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ಕೊನೆಯಲ್ಲಿ ಹೇಳುವುದು. ಎಎನ್‌ಎಂ, ಆಶಾ ಅವರ ನೆರವು ಬೇಕಿದ್ದರೆ ಇಲಾಖೆಯ ಲಿಖಿತ ಒಪ್ಪಿಗೆ ಮೊದಲೇ ಇರಬೇಕು.

ರೋಗಿಗಳು, ಮನೆಯವರು ಏನು ಮಾಡಬಹುದು?

ಸಿಟಿಆರ್‌ಐ ಎಲ್ಲರಿಗೂ ತೆರೆದಿದೆ, ಹುಡುಕಲು ಹಣ ಬೇಡ. ರೋಗದ ಹೆಸರು ಹಾಕಿದರೆ ಯಾವ ಟ್ರಯಲ್, ಯಾವ ಊರಿನ ಯಾವ ಆಸ್ಪತ್ರೆಗಳಲ್ಲಿದೆ, ಯಾರನ್ನು ಸಂಪರ್ಕಿಸಬೇಕು, ಎಥಿಕ್ಸ್ ಕಮಿಟಿಯ ಅನುಮತಿ ಸಿಕ್ಕಿದೆಯೇ ಎಂಬ ವಿವರ ಇರುತ್ತದೆ. ಇಂಗ್ಲಿಷ್ ತೊಡಕಾದರೆ ಮನೆಯ ಓದುವ ಮಕ್ಕಳ ಸಹಾಯ ಪಡೆಯಿರಿ. ಸೇರುವ ಮುನ್ನ ಇಷ್ಟು ಕೇಳಿ:

1. ಟ್ರಯಲ್ ಇಲ್ಲದಿದ್ದರೆ ನನಗೆ ಯಾವ ಚಿಕಿತ್ಸೆ ಕೊಡುತ್ತಿದ್ದಿರಿ?
2. ಎಷ್ಟು ಸಲ ಬರಬೇಕು? ಅದರಲ್ಲಿ ಎಷ್ಟು ನನ್ನ ಜಿಲ್ಲೆಯಲ್ಲೇ ಆಗಬಹುದು?
3. ಓಡಾಟದ ಖರ್ಚು ಯಾರದು? ಜತೆಗೆ ಬರುವವರದು?
4. ರಾತ್ರಿ ತೊಂದರೆಯಾದರೆ ಯಾರಿಗೆ ಫೋನ್ ಮಾಡಲಿ?
5. ಔಷಧ ನನಗೆ ಗುಣ ಕೊಟ್ಟರೆ, ಟ್ರಯಲ್ ಮುಗಿದ ಮೇಲೂ ಸಿಗುತ್ತದೆಯೇ?
6. ಸಹಿ ಮಾಡಿದ ಪತ್ರದ ಪ್ರತಿ ನನಗೆ ಯಾವಾಗ ಕೊಡುತ್ತೀರಿ?

ಎರಡನೇ ಪ್ರಶ್ನೆಯನ್ನು ಹೆಚ್ಚು ಜನ ಕೇಳಿದಷ್ಟೂ ಜಾಲ ಬೇಗ ಹುಟ್ಟುತ್ತದೆ. ಸಕ್ಕರೆ ಕಾಯಿಲೆ, ಹಿಮೋಫಿಲಿಯಾ, ಥಲಸ್ಸೀಮಿಯಾದಂಥ ರೋಗಗಳ ಸಂಘಟನೆಗಳು ಇದನ್ನು ಪತ್ರದ ರೂಪದಲ್ಲಿ ಮುಖ್ಯ ಕೇಂದ್ರಗಳಿಗೆ ಬರೆದು ಕೇಳಬಹುದು.

ಮೊದಲ ಆರು ತಿಂಗಳ ಯೋಜನೆ

ಮೊದಲ ತಿಂಗಳು ರಿಜಿಸ್ಟರ್ ಎಣಿಕೆ. ಎರಡನೇ ತಿಂಗಳು ಕೇಂದ್ರಗಳ ಆಯ್ಕೆ, ಹತ್ತಿರದ ಎಥಿಕ್ಸ್ ಕಮಿಟಿಯ ಭೇಟಿ. ಮೂರು, ನಾಲ್ಕನೇ ತಿಂಗಳಲ್ಲಿ ಪ್ರೋಟೋಕಾಲ್, ಭೇಟಿಗಳ ಹಂಚಿಕೆ, ಒಪ್ಪಂದ, ಕಮಿಟಿಗೆ ಅರ್ಜಿ. ಐದನೆಯದರಲ್ಲಿ ಕೋಆರ್ಡಿನೇಟರ್ ನೇಮಕ, ತರಬೇತಿ, ತಾಲೀಮು. ಆರನೇ ತಿಂಗಳಲ್ಲಿ ಅನುಮತಿ ಬಂದಿದ್ದರೆ ಸಿಟಿಆರ್‌ಐ ನೋಂದಣಿ ಮಾಡಿ, ಒಂದೇ ಉಪಕೇಂದ್ರದಲ್ಲಿ ಮೊದಲ ಕೆಲವು ರೋಗಿಗಳನ್ನು ಸೇರಿಸಿ. ಅಲ್ಲಿ ಎದುರಾದ ತೊಡಕು ಬಿಡಿಸಿದ ಮೇಲೆ ಉಳಿದ ಕೇಂದ್ರಗಳನ್ನು ತೆರೆಯಿರಿ.

ಬಜೆಟ್ ಬರೆಯುವಾಗ ಹೆಚ್ಚಿನವರು ಬಿಡುವ ಒಂದು ಸಾಲನ್ನು ಸೇರಿಸಿ: ಟ್ರಯಲ್ ಮುಗಿದ ಮೇಲೆ ಪ್ರತಿ ಉಪಕೇಂದ್ರದಲ್ಲಿ ಭಾಗವಹಿಸಿದವರನ್ನು ಕರೆದು ಫಲಿತಾಂಶ ತಿಳಿಸುವ ಸಭೆಯ ಖರ್ಚು. ಔಷಧ ಗೆದ್ದಿರಲಿ, ಸೋತಿರಲಿ, ನಿಮ್ಮಿಂದ ತಿಳಿದದ್ದು ಇದು ಎಂದು ಅವರಿಗೆ ಹೇಳಬೇಕು. ಮುಂದಿನ ಟ್ರಯಲ್‌ಗೆ ಆ ಊರಿನವರು ಬಾಗಿಲು ತೆರೆಯುತ್ತಾರೋ ಇಲ್ಲವೋ ಎಂಬುದು ಬಹುಪಾಲು ಆ ಸಭೆಯಲ್ಲೇ ತೀರ್ಮಾನವಾಗುತ್ತದೆ.